ಕೆಂದ ಕೋಳಿಯ ಕಾಲು

ಕೋಳಿ ತರುವುದು ಬೇಡ ಎಂದು ನಾನೇನೂ ಹೇಳಿರಲಿಲ್ಲ. ಹೇಗೆ ತರಬೇಕು ಎಂದು ಹೇಳಿ ಕಳಿಸಬೇಕಿತ್ತು, ಅಷ್ಟೇ. ನಮ್ಮ ಯಜಮಾನರು ಬೂಕನಕೆರೆ ಕಡೆ ಒಂದು ಹಸು ನೋಡಲು ಹೋದವರು, ಹಸು ಮನಸ್ಸಿಗೆ ಬರಲಿಲ್ಲವೆಂದು ಅಲ್ಲಿಯ ಸಂತೆಯಲ್ಲಿ ಎರಡು ನಾಟಿ ಕೋಳಿ ಹಿಡಿದುಕೊಂಡು ಬಂದರು. ಎರಡರ ಕಾಲನ್ನೂ ಒಟ್ಟಿಗೆ ಸೇರಿಸಿ ಸೆಣಬಿನ ಹುರಿಯಲ್ಲಿ ಬಿಗಿದು, ಬೈಕಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ತೂಗುಹಾಕಿ, ಅಲ್ಲಿಂದ ನಮ್ಮ ಕ್ಯಾತನಹಳ್ಳಿಯವರೆಗೂ ಹಾಗೇ ತಂದಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳ ಧೂಳು ಬೇರೆ. ಬಾಗಿಲಲ್ಲಿ ನಿಂತು ನೋಡಿದ ನನಗೆ ಮೈಯೆಲ್ಲ ಉರಿದುಹೋಯಿತು.

"ಅಯ್ಯೋ ಸಿವ್ನೆ! ಸಾಕಾಕೆ ತಂದ್ರೋ, ಸಾರಿಗೆ ತಂದ್ರೋ?"

"ಎಲ್ಲಾರೂ ತರೋದು ಅಂಗೇ ಕಣಮ್ಮಿ. ಇನ್ನೇನು ತೊಡೆ ಮ್ಯಾಲೆ ಕೂರ್ಸ್ಕಂಡು ತರ್ಬೇಕಾಗಿತ್ತಾ?"

ಅವರ ಮಾತೂ ಸುಳ್ಳಲ್ಲ. ನಮ್ಮ ಕಡೆ ಎಲ್ಲರೂ ಕೋಳಿ ತರುವುದು ಹಾಗೇ. ಸಂತೆಯಲ್ಲಿ ಕೊಂಡ ಕೋಳಿ ಅಂದೇ ಸಂಜೆ ಇಲ್ಲವೇ ಮಾರನೇ ದಿನ ಒಲೆ ಮೇಲೆ ಇರುತ್ತದೆ. ಅದರ ಕಾಲು ಜೋಮು ಹಿಡಿದರೆಷ್ಟು, ಬಿಟ್ಟರೆಷ್ಟು. ಆದರೆ ಈ ಎರಡನ್ನು ತಂದದ್ದು ಕುಯ್ಯುವುದಕ್ಕಲ್ಲ. ನನ್ನ ಮಗಳು ನೋಡಿಕೊಂಡಿರಲಿ ಎಂದು.

ಮಗಳನ್ನು ನಾಗಮಂಗಲ ತಾಲೂಕಿಗೆ, ಬೆಳ್ಳೂರು ಕಡೆ ಕೊಟ್ಟಿದ್ದೇವೆ. ಅಳಿಯನದು ಬೆಳ್ಳೂರು ಕ್ರಾಸಿನಲ್ಲಿ ಒಂದು ಪಂಚರ್ ಅಂಗಡಿ. ಒಳ್ಳೆಯ ಹುಡುಗ, ಮನೆಯವರೂ ಒಳ್ಳೆಯವರೇ. ಮಗಳು ಎರಡು ಸಲ ಬಸುರಿಯಾಗಿ ಎರಡು ಸಲವೂ ನಿಲ್ಲಲಿಲ್ಲ. ಮೂರನೆಯದಕ್ಕೆ ಶ್ರೀರಂಗಪಟ್ಟಣದ ಡಾಕ್ಟರಮ್ಮ, ಮಂಚ ಬಿಟ್ಟು ಹೆಚ್ಚು ಇಳಿಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ ಮೇಲೆ ನಾವು ಕರೆದುಕೊಂಡು ಬಂದೆವು. ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟ ಕೊಟ್ಟರೆ ಉಣ್ಣುವಳು, ಮಾತ್ರೆ ಕೊಟ್ಟರೆ ನುಂಗುವಳು. ಹೊಟ್ಟೆಯ ಮೇಲೆ ಕೈ ಇಡುತ್ತಿರಲಿಲ್ಲ. 'ಮಗು' ಎನ್ನುವ ಮಾತು ಅವಳ ಬಾಯಲ್ಲೂ ಇಲ್ಲ, ನಮ್ಮ ಬಾಯಲ್ಲೂ ಇಲ್ಲ. ನಾನು ಮುಂದಿನ ಕೋಣೆಯಲ್ಲಿ ಮಿಶಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಊರಿನ ಎಷ್ಟೋ ಕೂಸುಗಳಿಗೆ ಕುಲಾವಿ ಹೊಲಿದು ಕೊಟ್ಟಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಒಂದು ಚೂರು ಮೆತ್ತನೆ ಬಟ್ಟೆ ಹೊರಗೆ ತೆಗೆಯಲು ನನಗೆ ಭಯ.

"ಗ್ವಾಡೆ ನೋಡ್ಕಂಡು ಮಲ್ಗದೆ, ಕೋಳಿನಾರಾ ನೋಡ್ಕಂಡು ಮಲ್ಗಲಿ," ಎಂದವರು ಅವಳಪ್ಪ. ಅವರ ತಲೆಯಿಂದ ಅಪರೂಪಕ್ಕೆ ಬಂದ ಒಳ್ಳೆಯ ಯೋಚನೆ ಅದು. ಮಾಡಿದ ರೀತಿ ಮಾತ್ರ ಹೀಗೆ.

ಹುರಿ ಕತ್ತರಿಸಿ ಬಿಟ್ಟಾಗ ಕರಿ ಕೋಳಿ ತೂರಾಡಿಕೊಂಡು ಎದ್ದು ನಿಂತಿತು. ಕೆಂದ ಕೋಳಿ ಏಳಲಿಲ್ಲ. ಅದು ಇನ್ನೂ ಮೊಟ್ಟೆಗೆ ಬಾರದ ಎಳೇ ಹ್ಯಾಟೆ, ಮೈಯೆಲ್ಲ ತಾಮ್ರದ ಬಣ್ಣ. ಎರಡೂ ಕಾಲನ್ನು ಹಿಂದಕ್ಕೆ ಚಾಚಿಕೊಂಡು ಎದೆಯ ಮೇಲೆ ಬಿದ್ದುಕೊಂಡಿತ್ತು. ನಮ್ಮ ಅತ್ತೆ ಬಂದು, ಮೊದಲು ಮಾಡುವುದನ್ನು ಮೊದಲು ಮಾಡಬೇಕೆಂದು, ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಒರಳುಕಲ್ಲಿಗೆ ಮೂರು ಸುತ್ತು ಬಂದರು. ಹೊಸ ಕೋಳಿ ಮನೆ ಮರೆತು ಹೋಗಬಾರದೆಂದು ಹಾಗೆ ಮಾಡುವುದು.

"ಅತ್ತೆ, ಓಗಾಕೆ ಅದುಕ್ಕೆ ಕಾಲೇ ಇಲ್ವಲ್ಲ," ಎಂದೆ.

"ನಿಂಗೆ ಎಲ್ಲಾ ಕುಚೋದ್ಯ. ಬಿಸ್ನೀರು ತಕಂಬಾ ಓಗು."

ಬೆಚ್ಚನೆ ನೀರಿಗೆ ಉಪ್ಪು ಹಾಕಿ ಅಗಲವಾದ ಪಾತ್ರೆಯಲ್ಲಿ ಇಟ್ಟೆ. ಕೋಳಿಯನ್ನು ಹಿಡಿದು ನಿಲ್ಲಿಸುವವರು ಬೇಕಿತ್ತು; ಅತ್ತೆಗೆ ಕೈ ನಡುಗುತ್ತದೆ, ಯಜಮಾನರು ಬೈಸಿಕೊಂಡ ಸಿಟ್ಟಿಗೆ ಕೊಟ್ಟಿಗೆ ಸೇರಿದ್ದರು. "ಇಲ್ಲಿ ಕೊಡವ್ವ," ಎಂದಿತು ಮಂಚದ ಕಡೆಯಿಂದ ಒಂದು ದನಿ. ನೋಡಿದರೆ ಮಗಳು ಗೋಡೆ ಬಿಟ್ಟು ಈ ಕಡೆ ತಿರುಗಿ ಎದ್ದು ಕೂತಿದ್ದಾಳೆ. ಅವಳ ಮುಂದೆ ಸ್ಟೂಲಿಟ್ಟು ಅದರ ಮೇಲೆ ಪಾತ್ರೆ ಇಟ್ಟೆ. ಅವಳು ಕೋಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ನಾನು ಅದರ ಕಾಲನ್ನು ನೀರಿನಲ್ಲಿ ನೀವಿದೆ. ಆಮೇಲೆ ಒರೆಸಿ ಹರಳೆಣ್ಣೆ ಹಚ್ಚಿ ಮೇಲಿನಿಂದ ಬೆರಳ ತುದಿಯವರೆಗೆ ತಿಕ್ಕಿದೆ. ಸಿಮೆಂಟ್ ನೆಲ ತಣ್ಣಗಿರುತ್ತದೆಂದು ಮಂಕರಿಯಲ್ಲಿ ಒಣಹುಲ್ಲು ಹಾಸಿ ಅದರಲ್ಲಿ ಕೂರಿಸಿದೆವು. ಮಾರನೇ ಬೆಳಿಗ್ಗೆ ನಾನು ಹಾಲು ಡೇರಿಗೆ ಹಾಕಿ ಬರುವಷ್ಟರಲ್ಲಿ ಕೆಂದ ಕೋಳಿ ಮಂಕರಿಯ ಅಂಚಿನ ಮೇಲೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ಒದರುತ್ತಿತ್ತು. ಮಗಳು ಅದನ್ನು ನೋಡಿ ನಗುತ್ತಿದ್ದಳು. ಅವಳು ಬಂದು ತಿಂಗಳ ಮೇಲಾಗಿತ್ತು. ಅವಳ ನಗು ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕರಿ ಕೋಳಿಯದು ಬೇರೆ ತಾಪತ್ರಯ. ಅದು ನಡೆಯುವುದೇನೋ ಸರಿ, ಕಾಲಿನ ಮೇಲಿನ ಹುರುಪೆಗಳೆಲ್ಲ ಮೇಲಕ್ಕೆದ್ದು ಒರಟೊರಟಾಗಿದ್ದವು. ಪಕ್ಕದ ಮನೆಯವರು ಸೀಮೆಣ್ಣೆಯಲ್ಲಿ ಅದ್ದು, ಹುರುಪೆಯೊಳಗಿನ ಹುಳ ಸಾಯುತ್ತದೆ ಎಂದರು. ಬಾಟಲಿ ಕೈಗೆ ತೆಗೆದುಕೊಂಡವಳು, ಯಾವುದಕ್ಕೂ ಇರಲಿ ಎಂದು ನಮ್ಮ ಹಸುಗಳಿಗೆ ಬರುವ ಪಶು ಡಾಕ್ಟರಿಗೆ ಫೋನ್ ಮಾಡಿದೆ. "ಅಯ್ಯೋ ಬೇಡಿ, ಚರ್ಮ ಸುಟ್ಟುಹೋಗುತ್ತೆ," ಎಂದರು ಅವರು. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹಳೇ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ, ಹುರುಪೆಯ ಸಂದಿಗೆಲ್ಲ ಹೋಗುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಬನ್ನಿ, ಆ ಹುಳ ಎಣ್ಣೆಯಲ್ಲಿ ಉಸಿರು ಕಟ್ಟಿ ಸಾಯುತ್ತದೆ ಎಂದು ಹೇಳಿದರು. ಗೂಡಿಗೆ ಸುಣ್ಣ ಹೊಡೆದೆವು. ಎಣ್ಣೆ ಹಚ್ಚುವ ಕೆಲಸ ಮಗಳದಾಯಿತು. ಕೂತಲ್ಲೇ ಆಗುವ ಕೆಲಸ, ಬೇಸರವೂ ಕಳೆಯುತ್ತಿತ್ತು. ನಿಧಾನಕ್ಕೆ ಹಳೇ ಹುರುಪೆ ಉದುರಿ ಒಳಗಿಂದ ನುಣ್ಣನೆ ಕಾಲು ಬಂತು.

ಆದರೆ ಅವಳ ಜೀವ ಇದ್ದದ್ದು ಕೆಂದ ಕೋಳಿಯ ಮೇಲೆ. ಅದಕ್ಕೂ ಅಷ್ಟೇ. ಬೆಳಗಾದರೆ ಮಂಚ ಹತ್ತಿ ಅವಳ ಕಾಲ ಹತ್ತಿರ ಕೂರುವುದು, ತಟ್ಟೆಯಲ್ಲಿ ಮುದ್ದೆ ಚೂರು ಸಿಕ್ಕಿದರೆ ಕುಕ್ಕುವುದು. ನಾನು ಗದರಿದರೆ ಇಬ್ಬರೂ ಒಂದೇ ಥರ ನನ್ನ ಕಡೆ ನೋಡುವರು. ಎಳೇ ಹ್ಯಾಟೆ ತಿಂದು ತಿಂದು ಮೈ ತುಂಬಿಕೊಂಡಿತು. ಅತ್ತೆಯೂ ಅದಕ್ಕೆ ಮಾತ್ರ ಬೇರೆಯಾಗಿ ರಾಗಿ ಹಾಕುವರು, ಸಂಜೆ ಗೂಡಿಗೆ ಸೇರಿತೋ ಇಲ್ಲವೋ ಎಂದು ತಾವೇ ಹೋಗಿ ನೋಡುವರು. ಕೋಳಿ ಕಂಡರೆ ಸಾರಿನ ಮಸಾಲೆಯೇ ನೆನಪಾಗುತ್ತಿದ್ದ ನಮ್ಮ ಅತ್ತೆಗೆ ಈ ವಯಸ್ಸಿನಲ್ಲಿ ಇದೇನು ಮುದ್ದು ಬಂತಪ್ಪಾ ಎಂದುಕೊಂಡೆ. ಮೊಮ್ಮಗಳ ಕೋಳಿ ಎಂಬ ಪ್ರೀತಿ ಇರಬೇಕು ಎಂದು ಸುಮ್ಮನಾದೆ.

ಮಗಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಕೆಂದ ಕೋಳಿ ಕುಂಟತೊಡಗಿತು.

ಮೊದಲು ಎಡಗಾಲನ್ನು ಸ್ವಲ್ಪ ಎತ್ತಿ ಎತ್ತಿ ಇಡುತ್ತಿತ್ತು. ಆಮೇಲೆ ಊರುವುದನ್ನೇ ಬಿಟ್ಟಿತು. ಪಾದ ಊದಿಕೊಂಡು, ಬೆರಳುಗಳು ದಪ್ಪವಾಗಿ, ಬಣ್ಣ ಕಪ್ಪಿಗೆ ತಿರುಗಿತು. ಮಂಚ ಹತ್ತಲು ಹೋಗಿ ಬಿತ್ತು. ಮಗಳು ಅದನ್ನು ಎತ್ತಿಕೊಂಡು ಪಕ್ಕದಲ್ಲಿ ಮಲಗಿಸಿಕೊಂಡಳು. ಆ ಮಧ್ಯಾಹ್ನ ಊಟ ಮಾಡಲಿಲ್ಲ.

"ಇದೂ ಉಳ್ಯಾಕಿಲ್ಲ ಕಣವ್ವ," ಎಂದಳು.

"ಕಾಲು ನೋವು ಬಂದ್ರೆ ಯಾರಾದ್ರೂ ಸಾಯ್ತಾರಾ? ಬುಡ್ತು ಅನ್ನು."

"ನನ್ ಕೈಗೆ ಬಂದಿದ್ದು ಯಾವ್ದೂ ಉಳ್ಯಾಕಿಲ್ಲ."

ಅವಳು ಆಡುತ್ತಿದ್ದದ್ದು ಬರೀ ಕೋಳಿಯ ಮಾತಲ್ಲ ಎಂದು ತಿಳಿಯದಷ್ಟು ಪೆದ್ದಿ ನಾನಲ್ಲ. ಈ ಕೋಳಿ ಸತ್ತರೆ ನನ್ನ ಮಗಳು ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ, ಈ ಸಲ ತಿರುಗಿದರೆ ನನ್ನಿಂದ ಇತ್ತ ತಿರುಗಿಸಲು ಆಗುವುದಿಲ್ಲ ಎನಿಸಿತು. ಕೋಳಿ ಸಾಯಬಾರದು. ಏನೇ ಆಗಲಿ, ಹೆರಿಗೆ ಆಗುವವರೆಗಾದರೂ ಸಾಯಬಾರದು. ಒಂದು ಕೋಳಿಗೋಸ್ಕರ ನಾನು ಹಾಗೆ ಹೆದರಿದ್ದು ಹೇಳಿದರೆ ಜನ ನಗುತ್ತಾರೆ. ನಗಲಿ.

ಯಜಮಾನರು, ಜಾಲಿ ಮುಳ್ಳು ಚುಚ್ಚಿರಬೇಕು ಎಂದರು. ಪಾದದ ಅಡಿಯೆಲ್ಲ ಒತ್ತಿ ನೋಡಿದೆ, ಮುಳ್ಳು ಸಿಗಲಿಲ್ಲ. ಆಣಿ ಎದ್ದಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಒರಟು ನೆಲದ ಮೇಲೆ ಹಾರಿ ಹಾರಿ ಕೋಳಿಗೆ ಅಂಗಾಲಿನಲ್ಲಿ ಗಂಟಾಗಿ ಕೀವು ಕಟ್ಟುವುದುಂಟು, ನಮ್ಮ ತವರಿನಲ್ಲಿ ನೋಡಿದ್ದೆ. ಬೆಳಿಗ್ಗೆ ಸಂಜೆ ಉಪ್ಪು ನೀರಲ್ಲಿ ನೆನೆಸಿದೆ. ಬೇವಿನ ಸೊಪ್ಪು, ಅರಿಶಿನ ಅರೆದು ಪಾದಕ್ಕೆ ಮೆತ್ತಿ ಹಳೇ ಪಂಚೆಯ ಚೂರಿನಲ್ಲಿ ಸುತ್ತಿದೆ. ನನ್ನ ಕೈಯಲ್ಲಿ ಕಟ್ಟು ಅಚ್ಚುಕಟ್ಟಾಗಿ ಬರುತ್ತದೆ, ನೋಡಿದವರೆಲ್ಲ ಮೆಚ್ಚಿದರು. ಪಾದ ಮಾತ್ರ ದಿನದಿನಕ್ಕೆ ತಣ್ಣಗಾಗುತ್ತಾ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಾನು ಮಾಡುತ್ತಿದ್ದದ್ದು ಅದೇ ಕೆಲಸ. ಆಗ ಗೊತ್ತಾಗಲಿಲ್ಲ.

ಕೊನೆಗೆ ಪಶು ಡಾಕ್ಟರಿಗೆ ಪಾದದ ಫೋಟೋ ಕಳಿಸಿದೆ. ಅವರು ಹಸುಗಳಿಗೆ ಲಸಿಕೆ ಹಾಕುತ್ತಾ ಯಾವುದೋ ಊರಿನಲ್ಲಿದ್ದರಂತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿದರು.

"ಅಮ್ಮಾ, ಅಂಗಾಲಲ್ಲಿ ಏನೂ ಇಲ್ಲ. ಮೇಲಿಂದ ರಕ್ತ ಇಳೀತಿಲ್ಲ ಅನ್ಸುತ್ತೆ. ಮಂಡಿ ಹತ್ರ ಪುಕ್ಕ ಸರಿಸಿ ನೋಡಿ, ದಾರನೋ ಕೂದಲೋ ಸುತ್ತಿಕೊಂಡಿರಬಹುದು."

ನನ್ನ ಮನೆ ಟೈಲರ್ ಮನೆ. ನೆಲದ ಮೇಲೆ ಯಾವಾಗಲೂ ದಾರದ ಎಳೆ ಬಿದ್ದಿರುತ್ತದೆ. ಅಯ್ಯೋ, ನನ್ನ ದಾರವೇ ಸುತ್ತಿಕೊಂಡಿತೇನೋ ಎಂದುಕೊಂಡೆ. ಕೋಳಿಯನ್ನು ಮಗಳ ಮಡಿಲಲ್ಲಿ ಒಂದು ಟವೆಲಿನ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಮುಚ್ಚಿದೆವು. ಕತ್ತಲಾದರೆ ಕೋಳಿ ಸುಮ್ಮನಿರುತ್ತದೆ. ಅತ್ತೆ ಬಾಗಿಲ ಹತ್ತಿರ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದರು. ಕಾಲಿನ ಪುಕ್ಕ ಮುಗಿಯುವ ಕಡೆ ಮೆಲ್ಲಗೆ ಸರಿಸಿದೆ. ಅಲ್ಲಿ ಬಳೆಯ ಹಾಗೆ ಸುತ್ತಲೂ ಒಂದು ಕರಿ ಹೊಪ್ಪಳೆ. ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ಅದನ್ನು ಮೆತ್ತಗೆ ಮಾಡಿದೆ. ಹೊಪ್ಪಳೆ ಬಿಟ್ಟುಕೊಂಡಿತು. ಒಳಗೆ, ಮಾಂಸದಲ್ಲಿ ಹೂತುಕೊಂಡು, ಹಳದಿ ದಾರ.

ಬಿದ್ದ ದಾರ ಸುತ್ತಿಕೊಂಡದ್ದಲ್ಲ ಅದು. ಐದಾರು ಎಳೆ ಸೇರಿಸಿ ಹೊಸೆದು, ಒತ್ತಾಗಿ ಗಂಟು ಹಾಕಿ ಕಟ್ಟಿದ ದಾರ.

"ಯಾರು ಕಟ್ಟಿದ್ದು ಇದನ್ನ?" ಎಂದೆ.

ಎಲೆಯಡಿಕೆ ಕುಟ್ಟುವ ಸದ್ದು ನಿಂತಿತು. ತಿರುಗಿ ನೋಡಿದರೆ ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ.

"ಬಿಚ್ಚಬ್ಯಾಡ ಕಣಮ್ಮಿ," ಎಂದರು. "ಅದು ಅಮ್ಮನೋರ ದಾರ."

ಆಗ ಎಲ್ಲ ಹೊರಬಿತ್ತು. ಕೋಳಿ ಬಂದ ವಾರದಲ್ಲೇ ಒಂದು ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಊರಮ್ಮನಿಗೆ ಹರಕೆ ಹೊತ್ತಿದ್ದರಂತೆ. ಮೊಮ್ಮಗಳಿಗೆ ಈ ಸಲ ಹೆರಿಗೆ ಸುಸೂತ್ರವಾಗಲಿ, ಇದೇ ಕೆಂದ ಹ್ಯಾಟೆಯನ್ನು ಕೊಡುತ್ತೇನೆ ಎಂದು. ಹರಕೆಯ ಕೋಳಿಗೆ ಗುರುತಿಗೆ ಅರಿಶಿನದ ದಾರ ಕಟ್ಟಿ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಯಾರಿಗೂ ಹೇಳಬಾರದು, ಯಾರೂ ಕೇಳಬಾರದು ಎಂದು ಪುಕ್ಕದ ಒಳಗೆ ಕಟ್ಟಿದ್ದರು. ದಾರ ತಾನಾಗಿ ಬಿದ್ದುಹೋದರೆ ದೋಷವಿಲ್ಲ. ಕೈಯಾರೆ ಬಿಚ್ಚಿದರೆ ಕೊಟ್ಟ ಮಾತು ಕಿತ್ತುಕೊಂಡ ಹಾಗೆ.

"ಜೀವ್ಮಾನೆಲ್ಲ ಕಟ್ಟಿವ್ನಿ, ಒಂದು ಕೋಳಿಗೂ ಇಂಗಾಗ್ಲಿಲ್ಲ," ಎಂದರು ಅತ್ತೆ. "ನಾಕು ಮಳೆ ಬಿದ್ರೆ ಅದೇ ಕಿತ್ಕಂಡು ಓಗ್ತಿತ್ತು."

ಹೋಗುತ್ತಿತ್ತು, ನಿಜ. ಅದು ಹತ್ತಿಯ ನೂಲು. ನೀರು ಬಿದ್ದರೆ ಲಡ್ಡು ಹಿಡಿದು, ಕೋಳಿ ಬೆಳೆಯುತ್ತಿದ್ದ ಹಾಗೆ ಹರಿದುಬೀಳುತ್ತಿತ್ತು. ಈ ಸಲ ಅತ್ತೆಗೆ ನೂಲು ಸಿಕ್ಕಿರಲಿಲ್ಲ. ನನ್ನ ಮಿಶಿನ್ನಿನ ಪಕ್ಕದ ಡಬ್ಬಿಯಲ್ಲಿ ಹಳದಿ ರೀಲು ಕಂಡಿತು. ಅರಿಶಿನದಲ್ಲಿ ಅದ್ದುವ ಕೆಲಸವೂ ಉಳಿಯಿತು ಎಂದು ಅದನ್ನೇ ಹೊಸೆದರು. ಆ ದಾರ ನಾನು ಬ್ಲೌಸಿಗೆ ಹಾಕುವುದು. ಎಷ್ಟು ಒಗೆದರೂ ಹರಿಯುವುದಿಲ್ಲ ಎಂದು ಗಿರಾಕಿಗಳಿಗೆ ನಾನೇ ಹೇಳಿ ಹೊಲಿದು ಕೊಡುತ್ತಿದ್ದೆ. ಎಳೇ ಕೋಳಿ ಬೆಳೆಯಿತು, ಕಾಲು ದಪ್ಪವಾಯಿತು, ದಾರ ಇದ್ದಷ್ಟೇ ಇತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಅಲ್ಲ ಅತ್ತೆ, ಕಟ್ಟಿದ್ ಮ್ಯಾಲೆ ಒಂದಪನಾದ್ರೂ ಬೆರಳಾಕಿ ನೋಡ್ಬಾರ್ದಾ? ಅಮ್ಮನೋರು ಕೇಳಿದ್ರಾ, ಕಾಲು ಕೊಳ್ಸಿ ಕೊಡು ಅಂತ?" ಎಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪಾಪ, ಆಕೆ ತಲೆ ತಗ್ಗಿಸಿಕೊಂಡು ಕೇಳಿದರು. ಎದುರು ಮಾತಾಡದೆ ಆಕೆ ನನ್ನಿಂದ ಬೈಸಿಕೊಂಡದ್ದು ಈ ಮನೆಗೆ ನಾನು ಬಂದ ಮೇಲೆ ಅದೊಂದೇ ಸಲ.

ಬೈದದ್ದಾಯಿತು. ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಬಿಸಿನೀರಲ್ಲಿ ಅದ್ದಿ ಕೈಗೆ ತೆಗೆದುಕೊಂಡೆ. ದಾರದ ಕೆಳಗೆ ತುದಿ ತೂರಿಸಿದೆ. ಅಲ್ಲಿಗೆ ನಿಂತಿತು. ನನ್ನ ಕೈ ಮುಂದಕ್ಕೆ ಹೋಗಲಿಲ್ಲ.

ಹರಕೆ, ದಾರ, ಒರಳುಕಲ್ಲಿನ ಸುತ್ತು, ಇವನ್ನೆಲ್ಲ ಆಡಿಕೊಂಡು ನಗುವವಳು ನಾನು. ಆದರೆ ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮಗಳು ಕಣ್ಣೆದುರು ಕೂತಿದ್ದಾಳೆ. ಕತ್ತರಿಸಿ, ನಾಳೆ ಏನಾದರೂ ಆದರೆ? ಅತ್ತೆ ಒಂದು ಮಾತೂ ಆಡದಿರಬಹುದು, ಊರು ಆಡದಿರಬಹುದು. ನನ್ನ ಮನಸ್ಸು ನನ್ನನ್ನು ಬಿಡುತ್ತದೆಯೇ? ಕತ್ತರಿಸದೆ ಇದ್ದರೆ ಕೋಳಿ ಸಾಯುತ್ತದೆ, ಅದು ಸತ್ತರೆ ಇವಳು ಏನಾಗುತ್ತಾಳೋ. ಆ ಕಡೆ ನೋಡಿದರೆ ಕೆರೆ, ಈ ಕಡೆ ನೋಡಿದರೆ ಬಾವಿ. ನಂಬಿಕೆ ಇಲ್ಲ ಎಂದು ಬಾಯಲ್ಲಿ ಹೇಳುವುದು ಎಷ್ಟು ಸುಲಭ ಎಂದು ಆಗ ನನಗೆ ಅನಿಸಿತು.

"ಕೊಡವ್ವ ಇಲ್ಲಿ," ಎಂದಳು ಮಗಳು.

"ಸುಮ್ಕಿರು ನೀನು."

"ಕಟ್ಟಿದ್ದು ನಂಗೋಸ್ಕರ ತಾನೆ? ನಾನೇ ಬಿಚ್ತೀನಿ."

"ಬ್ಯಾಡ ನನ್ನವ್ವ, ನೀನು ಮುಟ್ಬ್ಯಾಡ," ಎಂದು ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. "ಬ್ಯಾರೆ ಯಾರಾದ್ರೂ ಬಿಚ್ಲಿ. ನೀನು ಮಾತ್ರ ಬ್ಯಾಡ."

"ನನ್ ಮಗ ಉಟ್ಬೇಕು ಅಂತ ಇದು ಕಾಲು ಕಳ್ಕಬೇಕಾ ಅಜ್ಜಿ? ಇಂಗೆ ನೋವ್ ಕೊಟ್ಟು ಉಟ್ಟೋದು ನನ್ ಮಗೀಗೂ ಬ್ಯಾಡ."

ನನ್ನ ಮಗ, ಎಂದಳು. ಅಷ್ಟು ತಿಂಗಳಲ್ಲಿ ಮೊದಲ ಸಲ. ನಾನು, ಅತ್ತೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಅವಳು ನನ್ನ ಬೆರಳಿನಿಂದ ಕತ್ತರಿ ಬಿಡಿಸಿಕೊಂಡಿದ್ದಳು. ಒಂದೊಂದೇ ಎಳೆಯನ್ನು ಕತ್ತರಿಯ ತುದಿಯಲ್ಲಿ ಎತ್ತಿ ಕತ್ತರಿಸಿದಳು. ಗಂಟಿನ ಹತ್ತಿರ ಮಾಂಸ ಬೆಳೆದು ಅಂಟಿಕೊಂಡಿತ್ತು. ಅಲ್ಲಿ ನಾನು ಹತ್ತಿಯಿಂದ ನೆನೆಸುತ್ತಾ ಹೋದೆ, ಅವಳು ಚಿಮುಟದಲ್ಲಿ ಬಿಡಿಸುತ್ತಾ ಹೋದಳು. ಕೋಳಿ ಒಮ್ಮೆ ಮಾತ್ರ ಜೋರಾಗಿ ಕೂಗಿಕೊಂಡಿತು. ಕೊನೆಯ ಎಳೆ ಬಂದಾಗ ರಕ್ತ ಜಿನುಗಿತು. ರಕ್ತ ಬಂದರೆ ಒಳ್ಳೆಯದೇ, ಅಲ್ಲಿ ಜೀವ ಇದೆ ಎಂದು ಡಾಕ್ಟರು ಆಮೇಲೆ ಹೇಳಿದರು.

ಅವರು ಸಂಜೆ ದಾರಿಯಲ್ಲಿ ಇಳಿದು ನೋಡಿ, ಒಂದು ಸೂಜಿ ಹಾಕಿ, ಮುಲಾಮು ಕೊಟ್ಟರು. ಗಾಯಕ್ಕೆ ಮಾತ್ರ ಹಚ್ಚಿ, ಸಡಿಲವಾಗಿ ಕಟ್ಟಿ, ಕಟ್ಟಿನ ಒಳಗೆ ಬೆರಳು ಆಡಬೇಕು ಎಂದರು. ಕರಿ ಕೋಳಿಯನ್ನು ಬೇರೆ ಇಡಿ, ರಕ್ತ ಕಂಡರೆ ಅದೇ ಕುಕ್ಕಿ ಕುಕ್ಕಿ ಸಾಯಿಸುತ್ತದೆ ಎಂದೂ ಹೇಳಿದರು. ಮೆತ್ತನೆ ಬಟ್ಟೆಗೆಂದು ನಾನು ಬೀರು ತೆಗೆದೆ. ಕೂಸುಗಳ ಕುಲಾವಿಗೆಂದು ಎತ್ತಿಟ್ಟಿದ್ದ ಬಿಳಿ ಮಲ್ಲು ಬಟ್ಟೆ ಕೈಗೆ ಬಂತು. ಒಂದು ಪಟ್ಟಿ ಕೋಳಿಗೆ ಹರಿದೆ. ಉಳಿದದ್ದನ್ನು ಮತ್ತೆ ಒಳಗಿಡಲಿಲ್ಲ, ಮಿಶಿನ್ನಿನ ಮೇಲೇ ಬಿಟ್ಟೆ. ಮಗಳು ನೋಡಿದಳು.

ಪಾದ ನಿಧಾನಕ್ಕೆ ಬೆಚ್ಚಗಾಯಿತು. ಎರಡು ಬೆರಳಿಗೆ ಮಾತ್ರ ರಕ್ತ ತಲುಪಲೇ ಇಲ್ಲ. ಒಣಗಿ ಕಪ್ಪಾಗಿ ಉದುರಿಹೋದವು. ಉಳಿದ ಬೆರಳುಗಳನ್ನು ಊರಿಕೊಂಡು ಕೋಳಿ ಒಂದು ಕಡೆಗೆ ವಾಲಿಕೊಂಡು ನಡೆಯುತ್ತದೆ, ಈಗಲೂ. ಅಂಗ ಊನವಾದ ಕೋಳಿಯನ್ನು ದೇವರಿಗೆ ಕೊಡುವ ಹಾಗಿಲ್ಲ, ಆದ್ದರಿಂದ ಅದರ ಜೀವಕ್ಕೆ ಯಾರ ಭಯವೂ ಇಲ್ಲ. ಮಗುವೂ ದಿನ ತುಂಬಿ ಚೆನ್ನಾಗಿಯೇ ಹುಟ್ಟಿತು, ಹೆಣ್ಣು ಮಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರ ಜೀವವನ್ನು ಹಿಡಿದು ಆಡಿಸುವುದು ನನಗಾಗದು. ಆದರೆ ದಾರ ಕತ್ತರಿಸಿದ ಆ ವಾರ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದಳು, ಕೋಳಿಯ ಜೊತೆ ಮಾತಾಡುತ್ತಿದ್ದಳು. ನಿದ್ದೆ ಬಿಟ್ಟವರು ನಾನು ಮತ್ತು ಅತ್ತೆ. ಅವಳು ಒಂದು ಸಲ ಮಗ್ಗುಲು ಬದಲಾಯಿಸಿದರೆ ಇಬ್ಬರೂ ಎದ್ದು ಕೂರುತ್ತಿದ್ದೆವು.

ಮಂಗಳವಾರ ಬಂತು. ಅತ್ತೆ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ತಪ್ಪುಗಾಣಿಕೆ ಎತ್ತಿಟ್ಟು, "ಬಾರಮ್ಮಿ, ಕೈ ಇಡ್ಕೊ," ಎಂದರು. ಊರಮ್ಮನ ಗುಡಿ ನಾಲೆಯ ಆಚೆ, ಕಬ್ಬಿನ ಗದ್ದೆಗಳ ನಡುವೆ ಇದೆ. ಏರಿಯ ಮೇಲೆ ನಿಧಾನಕ್ಕೆ ನಡೆಸಿಕೊಂಡು ಹೋದೆ. ಪೂಜಾರಿ ಪೂಜೆ ಮುಗಿಸಿ ಹೋಗಿದ್ದರು, ಬಾಗಿಲಿಗೆ ಕಂಬಿ ಹಾಕಿತ್ತು. ಅತ್ತೆ ಕಂಬಿ ಹಿಡಿದುಕೊಂಡು ನಿಂತರು. ಮನಸ್ಸಿನಲ್ಲಿ ಬೇಡಿಕೊಳ್ಳುವ ಅಭ್ಯಾಸ ಆಕೆಗಿಲ್ಲ, ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೇ ಜೋರಾಗಿ ಮಾತಾಡುವುದು.

"ತಾಯೇ, ತೆಪ್ಪಾಗೋಯ್ತು. ಬ್ಯಾರೆ ಕೋಳಿ ಕೊಡ್ತೀನಿ, ಇದುನ್ನ ಬುಟ್ಬುಡು. ದಾರ ಕಟ್ದೋಳೂ ನಾನೇ, ಬಿಚ್ದೋಳೂ ನಾನೇ. ಆ ಮಗೀಗೇನೂ ಗೊತ್ತಿಲ್ಲ, ಅದು ಮಂಚದ ಮ್ಯಾಲೆ ಮನೀಕಂಡಿತ್ತು. ಏನಿದ್ರೂ ನನ್ ಮ್ಯಾಲೆ ಆಕು."

ನಾನು ಬೆರಗಾಗಿ ನೋಡಿದೆ. ಅಮ್ಮನೋರ ಮುಂದೆ ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ನಂಬಿ ಬದುಕಿದ ಹೆಂಗಸು, ಕಂಬಿಗೆ ಹಣೆ ಒತ್ತಿಕೊಂಡು ಅಮ್ಮನೋರಿಗೇ ಸುಳ್ಳು ಹೇಳುತ್ತಿದ್ದಾರೆ. ಹೇಳಿ ಮುಗಿಸಿ, ನನ್ನ ತೋಳನ್ನು ಗಟ್ಟಿಯಾಗಿ ಜಿಗುಟಿದರು.

"ಯೋಳಮ್ಮಿ, ನೀನೂ ಯೋಳು. ನೀನು ಅಲ್ಲೇ ಇದ್ದಲ್ಲ."

ನಾನು ಆ ಗುಡಿಯ ಎದುರು ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಕೈ ಮುಗಿದೆ.

"ಊಂ ತಾಯಿ, ಅತ್ತೆನೇ ಬಿಚ್ಚಿದ್ದು. ದಾರ ನಂದು, ಕತ್ತರಿನೂ ನಂದೇ. ಅರ್ಧ ನನ್ ಮ್ಯಾಲೆ ಆಕು."